ಎರಡು ತುದಿಗೆ ಹೋದ ಕಾಮಿಕ್ಸ್

ಕೋವಿಡ್ ಕಳೆದ ಎರಡನೆಯ ವರ್ಷ. ಗುಬ್ಬಿಯ ಒಂದು ಗ್ರಂಥಾಲಯದಲ್ಲಿ ನಾನು ಗ್ರಂಥಪಾಲಕಿ. ನಿವೃತ್ತಿ ಹತ್ತಿರವಿತ್ತು. ತುಮಕೂರಿನಿಂದ ಮೊದಲ ಬಸ್ಸಿಗೆ ಬಂದು ಬಾಗಿಲು ತೆರೆಯುತ್ತಿದ್ದೆ, ಪತ್ರಿಕೆಗಳನ್ನು ಉದ್ದನೆಯ ಮೇಜಿನ ಮೇಲೆ ಇಡುತ್ತಿದ್ದೆ. ಅದರಲ್ಲಿ ಒಂದು ದಿನವೂ ವ್ಯತ್ಯಾಸವಿರಲಿಲ್ಲ.

ಮೇಜಿನ ಒಂದು ತುದಿಯಲ್ಲಿ ನಿವೃತ್ತರು ಕೂರುತ್ತಿದ್ದರು, ಇನ್ನೊಂದರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಪ್ರತಿ ಪತ್ರಿಕೆಗೂ ಒಂದೇ ಪ್ರತಿ ಇದ್ದುದರಿಂದ ಹಾಳೆ ಬಿಡಿಸಿ ಹಂಚಿಕೊಂಡು ಓದುವುದು ಅಲ್ಲಿನ ಪದ್ಧತಿ.

ಆಗ ಒಂದು ಸೂಪರ್ ಹೀರೋ ಕಾಮಿಕ್ಸ್ ಬಂತು. ನಗರದ ಕಾವಲು ಗೋಪುರಕ್ಕಾಗಿ ಹಳೆಯ ಹೀರೋಗಳಿಗೂ ಹೊಸಬರಿಗೂ ನಡೆಯುವ ಜಗಳದ ಕಥೆ. ವಾರದೊಳಗೆ ಬೈಂಡಿಂಗ್ ಬಿಟ್ಟುಕೊಂಡು ಎರಡು ಭಾಗವಾಯಿತು. ಹೊಸಬರು ಹಳಬರನ್ನು ಅವಮಾನಿಸುವ ಮೊದಲರ್ಧ ನಿವೃತ್ತರ ಕೈಸೇರಿತು. ಹಳಬರು ಹೊಸಬರನ್ನು ಸೆರೆಯಲ್ಲಿಡುವ ಉತ್ತರಾರ್ಧ ಯುವಕರ ಪಾಲಾಯಿತು. ಪತ್ರಿಕೆಯಂತೆ ಎಲ್ಲರೂ ಸಿಕ್ಕಷ್ಟನ್ನೇ ಓದಿದರು. ಎರಡು ತುದಿಗಳೂ ಸಿಟ್ಟಾದವು.

ಎರಡೂ ಭಾಗ ಓದಿದವರು ರುದ್ರಪ್ಪ ಒಬ್ಬರೇ. ನಿವೃತ್ತ ಬಸ್ ಕಂಡಕ್ಟರ್, ಸಿ.ಎಸ್. ಪುರದಿಂದ ದಿನವೂ ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರು ನಾಲ್ಕು ಮಾತಾಡುತ್ತಿದ್ದದ್ದು ಈ ಮೇಜಿನಲ್ಲಿ ಮಾತ್ರ.

“ಮುದುಕ್ರುದೇ ತಪ್ಪು ಕಣ್ರಯ್ಯ. ಬಿಟ್ಟುಕೊಡೋ ಕಾಲದಲ್ಲಿ ಬಿಟ್ಟುಕೊಡ್ಬೇಕು,” ಎಂದರು ಒಂದು ದಿನ, ಕಾಮಿಕ್ಸ್ ಮುಚ್ಚಿಟ್ಟು.

ಪಕ್ಕದಲ್ಲಿದ್ದ ಹಳೆಯ ಗೆಳೆಯ, ಹಿಂದೆ ಜವಳಿ ವ್ಯಾಪಾರಿಯಾಗಿದ್ದ ನಂಜುಂಡಪ್ಪ ಬಿಡಲಿಲ್ಲ. “ಏನ್ಲಾ ರುದ್ರ, ಬಸ್ಸಲ್ಲಿ ಸೀನಿಯರ್ ಸಿಟಿಜನ್ ಟಿಕೆಟ್ಟು, ಇಲ್ಲಿ ಹುಡುಗ್ರ ಪಾರ್ಟಿನಾ? ಹೋಗು, ಆ ಕಡೇನೇ ಕೂತ್ಕೊ ಹೋಗು.”

ಎಲ್ಲರೂ ನಕ್ಕರು. ರುದ್ರಪ್ಪ ನಿಜಕ್ಕೂ ಎದ್ದು ಆ ಕಡೆ ಹೋದರು. ಅಲ್ಲಿ ಓದುತ್ತಿದ್ದ ಕಾವ್ಯ ಮರ್ಯಾದೆಯಿಂದಲೇ ಹೇಳಿದಳು: “ತಾತ, ಟೆಸ್ಟ್ ಐತೆ. ನಿಮ್ಮೋರು ಅಲ್ಲಿ ಅವ್ರೆ ನೋಡಿ.”

ಮರುದಿನ ರುದ್ರಪ್ಪ ಬರಲಿಲ್ಲ. ವಾರವಾದರೂ ಬರಲಿಲ್ಲ. ಆ ಕುರ್ಚಿಯಲ್ಲಿ ಯಾರೂ ಕೂರುತ್ತಿರಲಿಲ್ಲ, ಅವರ ವಿಚಾರವನ್ನೂ ಎತ್ತುತ್ತಿರಲಿಲ್ಲ.

ನಾನು ಕಾಮಿಕ್ಸಿನ ಎರಡೂ ಭಾಗ ಸೇರಿಸಿ ಅಂಟಿಸಿ, ಶನಿವಾರ ಎಲ್ಲರ ಮುಂದೆ ಪೂರ್ತಿ ಓದಿಸಿದೆ. ಹಳಬರ ಮಾತು ಕಾವ್ಯಳಿಗೆ, ಹೊಸಬರ ಮಾತು ನಂಜುಂಡಪ್ಪನವರಿಗೆ. “ದಾರಿ ಬಿಡ್ರೋ ಮುದುಕ್ರಾ,” ಎಂದು ಅವರು ಗುಡುಗಿದಾಗ ಕಾವ್ಯಳಿಗೂ ನಗು ತಡೆಯಲಿಲ್ಲ. ಮುಗಿದ ಮೇಲೆ ನಂಜುಂಡಪ್ಪ ಕನ್ನಡಕ ಒರೆಸುತ್ತ, “ರುದ್ರ ಹೇಳಿದ್ರಲ್ಲಿ ನ್ಯಾಯ ಇತ್ತು. ಫೋನ್ ಮಾಡಮ್ಮ,” ಎಂದರು.

ರುದ್ರಪ್ಪ ಫೋನಿನಲ್ಲಿ ಹೇಳಿದರು: “ಕಾಮಿಕ್ಸ್‌ದು ಏನಿಲ್ಲ ಬುಡಿ ಮೇಡಂ. ನಾನ್ ಬರ್ದೇ ಇದ್ರೆ ಯಾರಾದ್ರೂ ಕೇಳ್ತಾರಾ ಅಂತ ನೋಡ್ತಿದ್ದೆ. ದಿನ ಕಳೀತಾ ಹೋಯ್ತು.”

ಮಂಗಳವಾರ ನಂಜುಂಡಪ್ಪ ತಾವೇ ಬಸ್ ನಿಲ್ದಾಣಕ್ಕೆ ಹೋಗಿ ಅವರನ್ನು ಕರೆತಂದರು. ರುದ್ರಪ್ಪ ಹಳೆಯ ಜಾಗದಲ್ಲೇ ಕುಳಿತರು, ಕೊಟ್ಟ ಹಾಳೆ ಓದಿದರು, ಮುಂದಕ್ಕೆ ಸರಿಸಿದರು. ಅಭಿಪ್ರಾಯ ಕೇಳಿದರೆ, “ನೀವೇ ಹೇಳ್ರಪ್ಪ,” ಎಂದರು. ನಾನು ನಿವೃತ್ತಳಾಗುವವರೆಗೂ ಅವರ ಉತ್ತರ ಅದೇ ಆಗಿತ್ತು.

ಗ್ರಂಥಾಲಯದಲ್ಲಿ ನಿಶ್ಶಬ್ದ ಕಾಪಾಡುವುದು ನನ್ನ ಕೆಲಸವಾಗಿತ್ತು. ಆ ನಿಶ್ಶಬ್ದದೊಳಗೆ ಯಾರು ಓದುತ್ತಿದ್ದಾರೆ, ಯಾರು ಮಾತು ಬಿಟ್ಟಿದ್ದಾರೆ ಎಂದು ಗುರುತಿಸುವುದೂ ಅದೇ ಕೆಲಸದ ಭಾಗವೆಂದು ರುದ್ರಪ್ಪ ಕಲಿಸಿದರು.