ಮೀನಿನಕ್ಕ ಸುರಿದ ನೀರು

ಮೀನಿನಕ್ಕನ ನಡುನೆತ್ತಿಯಲ್ಲಿ ಅಂಗೈಯಗಲ ಜಾಗಕ್ಕೆ ಕೂದಲೇ ಇರಲಿಲ್ಲ. ವರ್ಷಗಟ್ಟಲೆ ಬುಟ್ಟಿ ಹೊತ್ತು ಅಲ್ಲಿನ ಚರ್ಮ ಗಟ್ಟಿಯಾಗಿ, ಹಳೆಯ ಚಪ್ಪಲಿಯ ಹಿಮ್ಮಡಿಯ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಬುಟ್ಟಿಯನ್ನೂ ತಲೆಯ ಮೇಲಿನ ಸಿಂಬಿಯನ್ನೂ ಇಳಿಸಿದಾಗ ಮಾತ್ರ ಅದು ಕಾಣುತ್ತಿತ್ತು. ಇಳಿಸಿದ ಕೂಡಲೇ ಸೆರಗೆಳೆದು ಮುಚ್ಚಿಕೊಳ್ಳುತ್ತಿದ್ದರು. ಹೆದರಿಕೆಯೆಂಬುದೇ ಇಲ್ಲದ ಆ ಹೆಂಗಸು ನಾಚಿದ್ದು ಅದೊಂದಕ್ಕೇ ಇರಬೇಕು.

ಕಾಪು ಕಡಲ ತೀರದಲ್ಲಿ ದೋಣಿ ಬಂದು ಮೀನು ಸಿಕ್ಕಿದ ಮೇಲೆ, ಅಲ್ಲಿಂದ ನಮ್ಮ ಇನ್ನಂಜೆಯ ಮನೆಗೆ ನಾಲ್ಕು ಕಿಲೋಮೀಟರ್ ದಾರಿ. ಮೀನಿನಕ್ಕ ಅದನ್ನು ನಡೆಯುತ್ತಿರಲಿಲ್ಲ, ಓಡುತ್ತಲೂ ಇರಲಿಲ್ಲ. ಸೊಂಟದಿಂದ ಮೇಲೆ ಒಂದು ಚೂರೂ ಅಲುಗದೆ, ಮೊಣಕಾಲಿನಿಂದ ಕೆಳಗೆ ಮಾತ್ರ ಬಿರಬಿರನೆ ಸಾಗುವ ಒಂದು ನಡಿಗೆ ಅವರದು. ನಮ್ಮ ಕಾಲೇಜಿನ ಪಿ.ಟಿ. ಮಾಷ್ಟ್ರು ಒಮ್ಮೆ ಸೈಕಲ್ ನಿಲ್ಲಿಸಿ ಅವರನ್ನು ನೋಡಿ, "ಈ ಹೆಂಗಸನ್ನು ಸಣ್ಣದರಲ್ಲೇ ಮೈದಾನಕ್ಕೆ ಕರೆದುಕೊಂಡು ಬಂದಿದ್ದರೆ ನೀವೆಲ್ಲ ಮನೆಗೆ ಹೋಗಬೇಕಿತ್ತು" ಎಂದಿದ್ದರು. ನಮ್ಮ ಅಂಗಳಕ್ಕೆ ಬಂದ ಮೀನಿನಕ್ಕ ಮೊದಲು ಒಂದು ಚೆಂಬು ನೀರು ಕೇಳಿ, ಎತ್ತಿ ಗಟಗಟನೆ ಕುಡಿದು, ಆಮೇಲೆ ಅಮ್ಮನೊಡನೆ ಬೂತಾಯಿ ಮೀನಿನ ಕ್ರಯಕ್ಕೆ ಜಗಳ ಆಡುತ್ತಿದ್ದರು. ಜಗಳ ಮುಗಿದ ಮೇಲೆ ಬೆಕ್ಕಿಗೆಂದು ಒಂದು ಮೀನು ಹೆಚ್ಚು ಹಾಕುವುದು ರೂಢಿ. "ಬೆಕ್ಕಿನ ಹತ್ತಿರ ಚರ್ಚೆ ಮಾಡ್ಲಿಕ್ಕೆ ಆಗುವುದಿಲ್ಲ" ಎನ್ನುತ್ತಿದ್ದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಪಿಯುಸಿಯಲ್ಲಿದ್ದೆ, ದೂರದ ಓಟ ಓಡುತ್ತಿದ್ದೆ. ದಿನಾ ಬೆಳಿಗ್ಗೆ ಮನೆಯಿಂದ ಕಡಲಿಗೆ, ಲೈಟ್‌ಹೌಸಿನ ಬಳಿ ಮರಳಿನಲ್ಲಿ ಒಂದಷ್ಟು, ಮತ್ತೆ ಮನೆಗೆ: ಇದು ಮಾಷ್ಟ್ರ ಅಪ್ಪಣೆ. ಅಪ್ಪ ಅಂಚೆ ಕಚೇರಿಯಲ್ಲಿದ್ದವರು. ಆಟದ ಸರ್ಟಿಫಿಕೇಟು ಇದ್ದರೆ ಪಿ.ಟಿ. ಟೀಚರಾಗುವ ತರಬೇತಿಗೆ ಸೀಟು ಸಿಗುತ್ತದೆಂದು ಮಾಷ್ಟ್ರು ಹೇಳಿದ್ದರಿಂದ ಒಪ್ಪಿದ್ದರು. ಒಪ್ಪುವಾಗ ಒಂದೇ ಷರತ್ತು ಹಾಕಿದ್ದರು.

"ಊರಿನಲ್ಲಿ ನಿನ್ನ ಬಗ್ಗೆ ಒಂದು ಮಾತು ಬಂದರೆ, ಅದೇ ದಿನ ಈ ಓಟ ನಿಲ್ಲಿಸಬೇಕು."

ಒಂದು ಮಾತು ಯಾವುದರಿಂದ ಬರಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ತಿಂಗಳಿಗೊಮ್ಮೆ ಅದು ನನ್ನ ಬಾಗಿಲಿಗೇ ಬರುತ್ತಿತ್ತು.

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿಂದಿನ ಜಗಲಿಯಲ್ಲಿ ಕೂರಬೇಕು. ದೇವರ ಕೋಣೆ, ಅಡುಗೆ ಮನೆ ಮುಟ್ಟುವ ಹಾಗಿಲ್ಲ, ರಸ್ತೆಯ ತಿರುವಿನಲ್ಲಿದ್ದ ನಾಗಬನದ ಎದುರು ಸುಳಿಯುವ ಹಾಗಿಲ್ಲ. ಮೂರು ದಿನ ಕೂತರೆ ತಿಂಗಳ ಅಭ್ಯಾಸ ನೀರು ಪಾಲು. ಹಾಗಾಗಿ ನಾನು ಅಮ್ಮನಿಗೆ ಹೇಳುವುದನ್ನೇ ಬಿಟ್ಟೆ. ಅನುಮಾನ ಬಾರದಿರಲೆಂದು ಎರಡು ತಿಂಗಳಿಗೊಮ್ಮೆ ಸುಮ್ಮನೆ ಆದಂತೆ ನಟಿಸಿ ಜಗಲಿಯಲ್ಲಿ ಕೂರುತ್ತಿದ್ದೆ, ನಿಜವಾಗಿ ಆದ ದಿನ ಓಡುತ್ತಿದ್ದೆ. ನಾಗಬನದ ತಿರುವು ಬಂದಾಗ ರಸ್ತೆ ಬಿಟ್ಟು ಗದ್ದೆಯ ಹುಣಿಗೆ ಇಳಿದು, ಕಿರಿದಾದ ಆ ಬದುವಿನ ಮೇಲೆ ಬೀಳುತ್ತಾ ಏಳುತ್ತಾ ಸುತ್ತಿ ಹೋಗುತ್ತಿದ್ದೆ. ಸುತ್ತಿ ಹೋದರೂ ಹೆದರಿಕೆ ಮಾತ್ರ ಬೆನ್ನು ಬಿಡುತ್ತಿರಲಿಲ್ಲ. ಒಣಗಿದ ಎಲೆ ಸರಿದರೂ ಹಾವೆಂದು ಹಾರಿ ಬೀಳುತ್ತಿದ್ದೆ.

ಬಟ್ಟೆಯದ್ದು ಇನ್ನೊಂದು ಹೆದರಿಕೆ. ಮುಟ್ಟಿನ ಬಟ್ಟೆಯ ಮೇಲೆ ಹಾವು ಹರಿದರೆ ಆ ಹೆಣ್ಣಿಗೆ ಮಕ್ಕಳಾಗುವುದಿಲ್ಲ ಎಂದು ಅಮ್ಮ ಹೇಳಿದ್ದರು. ಯಾರೂ ನೋಡಬಾರದು, ಹಾವೂ ನೋಡಬಾರದು. ಅದಕ್ಕೆ ನಾನು ತೊಳೆದ ಬಟ್ಟೆಯನ್ನು ಬಚ್ಚಲಿನ ಅಟ್ಟದ ಕತ್ತಲೆಯಲ್ಲಿ, ಸೌದೆಯ ಹಿಂದೆ ತುರುಕಿ ಇಡುತ್ತಿದ್ದೆ. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಅರೆ ಒದ್ದೆಯದ್ದನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದೆ. ಸೋರಿದರೆ ಏನು ಗತಿ ಎಂದು ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಮಡಿಕೆಗಳ ನಡುವೆ ಇಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡಿದ್ದೆ.

ಮೆಚ್ಚುಗೆ ಹೆಚ್ಚು ದಿನ ಉಳಿಯಲಿಲ್ಲ. ಬೆವರು, ಉಪ್ಪು ಗಾಳಿ, ಮರಳು, ಪ್ಲಾಸ್ಟಿಕ್ಕಿನ ಅಂಚು ಎಲ್ಲ ಸೇರಿ ತೊಡೆಯ ಸಂದು ಕಿತ್ತು ಬಂತು. ಗುಳ್ಳೆ ಎದ್ದು ಒಡೆದು ನೀರು ಸೋರತೊಡಗಿತು. ಹೆಂಗಸರು ಹೆಚ್ಚು ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ನಾಗನ ಶಾಪವೇ ಇರಬೇಕು ಎಂದೂ ಅನ್ನಿಸಿತು. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಸಾಯುತ್ತೇನೆ ಎಂದೇ ನಂಬಿದ್ದೆ, ಆದರೆ ಸಾಯುವುದಕ್ಕಿಂತ ಹೆಚ್ಚಾಗಿ ಅಪ್ಪನಿಗೆ ಗೊತ್ತಾಗುವುದಕ್ಕೆ ಹೆದರಿದ್ದೆ.

ಒಂದು ಬೆಳಿಗ್ಗೆ ಕಡಲಿನತ್ತ ಹೋಗುವಾಗ ಎದುರಿಗೆ ಬುಟ್ಟಿ ಹೊತ್ತ ಮೀನಿನಕ್ಕ ಬಂದರು. ಬುಟ್ಟಿ ಅಲುಗದಂತೆ ನಿಂತು ನನ್ನ ಕಾಲುಗಳನ್ನೇ ನೋಡಿದರು.

"ಎಂತ ಮಗಾ, ಬಾತುಕೋಳಿಯ ಹಾಗೆ ನಡೆಯುವುದು?"

"ಎಂತ ಇಲ್ಲ. ಮುಳ್ಳು ತಾಗಿದೆ."

"ಮುಳ್ಳು ಪಾದಕ್ಕೆ ತಾಗುವುದು, ತೊಡೆಗಲ್ಲ. ಇಲ್ಲೇ ಕೂತಿರು, ನಾನು ಈ ನಾಲ್ಕು ಮೀನು ಮಾರಿ ಬರ್ತೇನೆ. ಓಡಿ ಹೋದರೆ ನಿನ್ನ ಅಮ್ಮನ ಹತ್ತಿರ ಹೇಳ್ತೇನೆ, ಆಯ್ತಾ?"

ಆ ಬೆದರಿಕೆ ನನ್ನನ್ನು ಅಲ್ಲಿಯೇ ಕಟ್ಟಿ ಹಾಕಿತು. ಅವರು ಬೇಗ ಮರಳಿ ಬಂದು ನನ್ನನ್ನು ಕಡಲ ಬದಿಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಒಳಗೆ ಕೂರಿಸಿ, ಗಾಯ ನೋಡಿ, ಪ್ಲಾಸ್ಟಿಕ್ ನೋಡಿ, ಹಣೆ ಚಚ್ಚಿಕೊಂಡರು.

"ಮಾರಾಯ್ತಿ, ಇದು ಗೊಬ್ಬರದ ಚೀಲ ಅಲ್ವಾ? ನೀನೆಂತ, ತೆಂಗಿನ ಸಸಿಯಾ?"

ಅಷ್ಟು ದಿನಗಳಲ್ಲಿ ಮೊದಲ ಸಲ ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. ಗರ್ಭಕೋಶ, ನಾಗ, ಶಾಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ನಗಲಿಲ್ಲ.

"ನಾನು ಹದಿಮೂರರಿಂದ ಬುಟ್ಟಿ ಹೊತ್ತು ಓಡ್ತಾ ಇದ್ದೇನೆ. ಮೂರು ದಿನ ಕೂತರೆ ಮೀನು ಕಾಯ್ತದಾ? ನಾಲ್ಕು ಮಕ್ಕಳಾಗಿದ್ದಾವೆ. ಜಾರುವುದಿದ್ದರೆ ನನ್ನದು ಎಂದೋ ದಾರಿಯಲ್ಲಿ ಬಿದ್ದು ಹೋಗಬೇಕಿತ್ತು. ಇದು ಶಾಪ ಅಲ್ಲ ಮಗಾ, ಒದ್ದೆ ಬಟ್ಟೆ. ಬಿಸಿಲು ಕಾಣದ ಬಟ್ಟೆ ಮೈಗೆ ವೈರಿ."

ಅಂದು ಅವರು ಕಲಿಸಿದ್ದು ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಹೊಸ ಬಟ್ಟೆ ಬೇಡ, ಒಗೆದು ಒಗೆದು ಮೆತ್ತಗಾದ ಹಳೆಯ ಬೈರಾಸು ಬೇಕು. ನಮ್ಮಲ್ಲಿ ತೆಳು ಟವೆಲಿಗೆ ಹಾಗೆನ್ನುತ್ತಾರೆ. ಅದರ ಅಂಚುಗಳನ್ನು ಒಳಗೆ ಮಡಚಬೇಕು, ಅಂಚು ತೊಡೆಗೆ ತಾಗಬಾರದು. ಸೊಂಟಕ್ಕೆ ದಾರ ಕಟ್ಟಿ, ಹಿಂದೆ ಮುಂದೆ ಎರಡೂ ಕಡೆ ಬಟ್ಟೆಯನ್ನು ದಾರದ ಮೇಲಿಂದ ತಂದು ಮತ್ತೆ ಒಳಗೆ ಸಿಕ್ಕಿಸಬೇಕು, ಆಗ ಬೆಟ್ಟ ಹತ್ತಿದರೂ ಜರುಗುವುದಿಲ್ಲ. ಹೊರಡುವ ಮೊದಲು ತೊಡೆಯ ಸಂದಿಗೆ ತೆಂಗಿನೆಣ್ಣೆ ಸವರಬೇಕು. ಮೊದಲ ದಿನ ಹೊಟ್ಟೆ ಹಿಡಿದರೆ ಓಡದೆ ನಡೆಯಬೇಕು. "ಕಡಲಿಗೇ ಇಳಿತ ಉಂಟು, ನಿನಗೆ ಇರಬಾರದಾ?" ಎಂದರು. ಗಾಯ ಮಾಯುವವರೆಗೆ ಹತ್ತು ದಿನ ಓಡಬಾರದೆಂದು ಆಣೆ ಹಾಕಿಸಿದರು.

ಮನೆಯ ಹಿಂದೆ, ಮೀನು ಒಣಗಿಸುವ ಚಾಪೆಗಳ ಆಚೆ, ಎರಡು ತೆಂಗಿನ ಮರಗಳ ನಡುವೆ ಹಗ್ಗ ಇತ್ತು. ಅದರ ಒಂದು ಮೂಲೆಯನ್ನು ಅವರು ನನಗೆ ಬಿಟ್ಟುಕೊಟ್ಟರು. ನಾನು ಓಡಿ ಬಂದು ತೊಳೆದು ಹಾಕುತ್ತಿದ್ದೆ, ಮರುದಿನ ಓಡಿ ಬಂದು ಒಣಗಿದ್ದನ್ನು ತೆಗೆದುಕೊಳ್ಳುತ್ತಿದ್ದೆ. ಸುಡುವ ಬಿಸಿಲು ಕಂಡ ಬಟ್ಟೆ ಮೈಗೆ ಎಷ್ಟು ಹಿತ ಎಂಬುದು ನನಗೆ ತಿಳಿದದ್ದೇ ಆಗ. ಆ ವರ್ಷ ನನ್ನ ಓಟ ಎಷ್ಟು ಸುಧಾರಿಸಿತೆಂದರೆ ಮಾಷ್ಟ್ರು ಅದು ತಮ್ಮ ತರಬೇತಿಯ ಫಲವೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಜಿಲ್ಲೆಯ ಓಟ ಕಾರ್ಕಳದಲ್ಲಿ ಎಂದು ಗೊತ್ತಾಯಿತು. ಆರು ಕಿಲೋಮೀಟರ್, ಏರು ತಗ್ಗಿನ ರಸ್ತೆ. ಮೊದಲ ಮೂವರಲ್ಲಿ ಬಂದರೆ ಆ ಸರ್ಟಿಫಿಕೇಟು ಸಿಗುತ್ತದೆ. ದಿನಾಂಕ ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದರೆ ನನ್ನ ಎರಡನೆಯ ದಿನ. ಕಾಲೇಜಿನವರು ಕೊಟ್ಟದ್ದು ಬಿಳಿಯ ಚಡ್ಡಿ. ಇದೆಲ್ಲ ಸಾಲದೆಂಬಂತೆ ಅಪ್ಪ ರಜೆ ಹಾಕಿ ನೋಡಲು ಬರುತ್ತೇನೆಂದರು.

ಮೀನಿನಕ್ಕನಿಗೆ ಹೇಳಿದೆ. ಅವರು "ನಾನೂ ಅಂದು ಬಸ್ಸಿನಲ್ಲಿ ಕಾರ್ಕಳಕ್ಕೆ ಬುಟ್ಟಿ ತರ್ತೇನೆ. ಅಲ್ಲಿ ಬಂಗುಡೆಗೆ ಒಳ್ಳೆ ಗಿರಾಕಿ ಉಂಟು. ನೀನು ನಾನು ಹೇಳಿದ ಹಾಗೆ ಕಟ್ಟು, ಓಡು. ಹೆಚ್ಚಿನ ಬುದ್ಧಿ ಓಡಿಸಬೇಡ" ಎಂದರು.

ನಾನು ಹೆಚ್ಚಿನ ಬುದ್ಧಿಯನ್ನೇ ಓಡಿಸಿದೆ. ಆ ಬೆಳಿಗ್ಗೆ ಬಿಳಿ ಚಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅವರು ಹೇಳಿದಂತೆಯೇ ಕಟ್ಟಿಕೊಂಡು, ಕೊನೆಯ ಗಳಿಗೆಯಲ್ಲಿ, ಇರಲಿ ಎಂದು, ನಡುವೆ ಆ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಇಟ್ಟುಕೊಂಡೆ. ಹೆದರಿದವರಿಗೆ ಕಲಿತದ್ದು ನೆನಪಿರುವುದಿಲ್ಲ.

ನಾಲ್ಕು ಕಿಲೋಮೀಟರಿನವರೆಗೆ ಎಲ್ಲ ಸರಿಯಿತ್ತು. ನಾನು ಮೂರನೆಯವಳಾಗಿದ್ದೆ. ಏರು ಹತ್ತಿ ಇಳಿಯುವಾಗ ಬೆವರಿಗೆ ಪ್ಲಾಸ್ಟಿಕ್ ಜಾರಿತು, ಅದರೊಂದಿಗೆ ಬಟ್ಟೆಯೂ ಒಂದು ಬದಿಗೆ ಸರಿಯಿತು. ತೊಡೆಯಲ್ಲಿ ಬೆಚ್ಚಗೆ ಇಳಿದದ್ದು ಬೆವರಲ್ಲ ಎಂದು ತಿಳಿಯಿತು. ಹಿಂದೆ ತಿರುಗಿ ನೋಡಿಕೊಳ್ಳಲು ಆಗದು, ಕೈ ಹಾಕಿ ಮುಚ್ಚಲು ಆಗದು. ಮುಂದೆ ಪೇಟೆ, ಎರಡೂ ಬದಿಯಲ್ಲಿ ಜನ, ಕೊನೆಯಲ್ಲಿ ಅಪ್ಪ. ನಿಂತುಬಿಡೋಣ, ಯಾವುದಾದರೂ ಅಂಗಡಿಯ ಹಿಂದೆ ಅಡಗೋಣ ಎಂದುಕೊಂಡೆ.

ಪೇಟೆಯ ತಿರುವಿನಲ್ಲಿ ಮೀನಿನಕ್ಕ ಕೂತಿದ್ದರು. ನಾನು ಹತ್ತಿರ ಬಂದದ್ದು ನೋಡಿ ಎದ್ದರು. ಮುಖ ನೋಡಿದರು, ಚಡ್ಡಿ ನೋಡಿದರು. ಪಕ್ಕದಲ್ಲಿದ್ದ ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಮೀನು ತೊಳೆದ ಕೆಂಪು ನೀರನ್ನು ನನ್ನ ಸೊಂಟದಿಂದ ಕೆಳಗೆ ಪೂರ್ತಿ ಎರಚಿದರು.

ಜನ ಹೋ ಎಂದು ನಕ್ಕರು. ಯಾರೋ ಬೈದರು. ನಾನು ಗಬ್ಬು ನಾರುತ್ತಾ, ಸೊಂಟದಿಂದ ಕೆಳಗೆ ಇಡೀ ಕೆಂಪಾಗಿ, ಓಡಿದೆ. ಮೂರನೆಯವಳಾಗಿಯೇ ಮುಗಿಸಿದೆ. ಮೈಯಿಂದ ಇಳಿಯುತ್ತಿದ್ದುದರಲ್ಲಿ ಯಾವುದು ಮೀನಿನದು ಯಾವುದು ನನ್ನದು ಎಂದು ಲೋಕದಲ್ಲಿ ಯಾರೂ ಹೇಳುವ ಹಾಗಿರಲಿಲ್ಲ.

ಅಪ್ಪ ನನ್ನನ್ನು ಕರೆದುಕೊಂಡು ನೇರ ಆ ತಿರುವಿಗೆ ಬಂದರು. ಅವರು ಅಷ್ಟು ಸಿಟ್ಟಾದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇಷ್ಟು ವರ್ಷ ನಮ್ಮ ಮನೆಯ ನೀರು ಕುಡಿದು ನನ್ನ ಮಗಳ ಮಾನ ಕಳೆದೆಯಲ್ಲ? ನಿನಗೆ ಬುದ್ಧಿ ಉಂಟಾ?"

"ಕೈ ಜಾರಿತು ಅಣ್ಣ" ಎಂದರು ಮೀನಿನಕ್ಕ. ಸೆರಗು ಜಾರಿ ಆ ಬೋಳು ನೆತ್ತಿ ಬಿಸಿಲಿನಲ್ಲಿ ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಮುಚ್ಚಿಕೊಳ್ಳುವುದನ್ನೂ ಮರೆತು ನಿಂತಿದ್ದರು.

"ಇನ್ನು ನಮ್ಮ ಅಂಗಳಕ್ಕೆ ಕಾಲಿಡಬೇಡ."

"ಆಯ್ತು ಅಣ್ಣ."

ನಾನು ಅಲ್ಲಿಯೇ ಇದ್ದೆ. ಬಾಯಿ ಬಿಡಲಿಲ್ಲ.

ಮೂರು ದಿನದ ಮೇಲೆ ಅವರ ಮನೆಗೆ ಓಡಿ ಹೋಗಿ, ಅಪ್ಪನಿಗೆ ನಿಜ ಹೇಳುತ್ತೇನೆ ಎಂದೆ. ಅವರು ಬಲೆಯ ತುಂಡೊಂದನ್ನು ಸರಿ ಮಾಡುತ್ತಾ ಕೂತಿದ್ದರು.

"ಪ್ಲಾಸ್ಟಿಕ್ ಇಟ್ಟಿದ್ದಿ ಅಲ್ವಾ?"

"ಹೂಂ."

"ಗೊತ್ತಿತ್ತು ನನಗೆ. ಈಗ ನೀನು ಹೋಗಿ ಹೇಳಿದರೆ ನಾನು ಸುರಿದ ನೀರು ದಂಡ ಆಗ್ತದೆ ಮಗಾ. ಮೊದಲು ಟೀಚರಾಗು. ಆಮೇಲೆ ಬೇಕಾದರೆ ಹೇಳು."

ನಾನು ಟೀಚರಾದೆ. ಉಡುಪಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆಟದ ಸಾಮಾನಿನ ಕೋಣೆಯ ಹಿಂದೆ ಬಿಸಿಲಿಗೆ ಒಂದು ಹಗ್ಗ ಕಟ್ಟಿದೆ, ಕಪಾಟಿನಲ್ಲಿ ತೆಂಗಿನೆಣ್ಣೆಯ ಬಾಟಲಿ ಇಟ್ಟೆ, ಹುಡುಗಿಯರಿಗೆ ಅಂಚು ಒಳಗೆ ಮಡಚುವುದನ್ನು ಕಲಿಸಿದೆ. ಹೆಡ್‌ಮಿಸ್ ಕೇಳಿದಾಗಲೂ ಹೆದರದೆ ಉತ್ತರಿಸಿದೆ. ಆದರೆ ಅಪ್ಪನಿಗೆ ಹೇಳಲಿಲ್ಲ. ಇಂದು ಹೇಳುವ, ನಾಳೆ ಹೇಳುವ ಎನ್ನುತ್ತಾ ವರ್ಷಗಳು ಹೋದವು. ಮೀನಿನಕ್ಕ ದಿನಾ ನಮ್ಮ ಮನೆಯ ಎದುರು ಬರುವಾಗ ಕೂಗು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಕೂಗುತ್ತಿದ್ದರು. ನಾನು ರಜೆಯಲ್ಲಿ ಮನೆಗೆ ಬಂದಾಗ ಆ ಮೌನವನ್ನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ನಡುವಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮೀನಿನಕ್ಕ ತೀರಿಕೊಂಡ ಸುದ್ದಿ ಬಂತು. ಬೆಳಗಿನ ಜಾವ ಬುಟ್ಟಿ ಎತ್ತಲು ಬಗ್ಗಿದವರು ಮೇಲೇಳಲಿಲ್ಲವಂತೆ. ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. "ಪಾಪ. ಕೆಟ್ಟ ಹೆಂಗಸಲ್ಲ. ಒಮ್ಮೆ ಹಾಗೆ ಮಾಡಿದಳು, ಅಷ್ಟೆ" ಎಂದರು.

ಆಗ ಹೇಳಿದೆ. ಇಪ್ಪತ್ತಾರು ವರ್ಷದವಳು, ಸಂಬಳ ತರುವವಳು, ಆದರೂ ಮಾತು ತಡವರಿಸಿತು. ಬಿಳಿ ಚಡ್ಡಿ, ಪ್ಲಾಸ್ಟಿಕ್, ಕೆಂಪು ನೀರು ಎಲ್ಲ ಹೇಳಿದೆ. ಅಪ್ಪ ಪೇಪರನ್ನು ನಾಲ್ಕಾಗಿ ಮಡಚಿ ಪಕ್ಕಕ್ಕಿಟ್ಟರು.

"ಇಷ್ಟು ವರ್ಷ ಇದೇ ಅಂಗಳದ ಎದುರಿನಿಂದ ಹೋದಳಲ್ಲ" ಎಂದರು. "ಒಂದು ದಿನವಾದರೂ ನೀನು ಹೇಳಬಹುದಿತ್ತು. ಯಾರಿಗೆ ಹೆದರಿದ್ದು ನೀನು?" ಎಂದು ಕೇಳಿದರು.

"ನಿಮಗೆ" ಎಂದೆ.

ಅಪ್ಪ ಒಳಗೆ ಹೋಗಿ ಶರ್ಟು ಹಾಕಿಕೊಂಡು ಬಂದರು. "ಅವಳ ಮನೆ ನನಗೆ ಗೊತ್ತಿಲ್ಲ. ನೀನು ಮುಂದೆ ನಡೆ" ಎಂದರು.

ನಾಗಬನದ ತಿರುವಿಗೆ ಬಂದಾಗ ಕಾಲು ತಾನಾಗಿ ಗದ್ದೆಯ ಹುಣಿಯ ಕಡೆಗೆ ಹೊರಳಿತು. ಅಂದು ನನ್ನ ಎರಡನೆಯ ದಿನ. "ಎಂತಾಯಿತು?" ಎಂದು ಅಪ್ಪ ಕೇಳಿದರು. ಅದನ್ನೂ ಹೇಳಿದೆ. ಅವರು "ರಸ್ತೆಯಲ್ಲೇ ಹೋಗುವ" ಎಂದರು. ನಾನು ರಸ್ತೆಯಲ್ಲೇ ನಡೆದೆ, ಅಪ್ಪ ನನ್ನ ಹಿಂದೆ ಬಂದರು.