ತಂತಿಗೆ ಚುಚ್ಚಿದ ಕಾರ್ಡುಗಳು

ಸಾವಕಾರರ ಬಲಗೈಯ ಉಗುರುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನಿಪ್ಪಾಣಿಯಲ್ಲಿ ಅಂಥ ಕೈ ಕಂಡರೆ ಯಾರಾದರೂ ತಂಬಾಕಿನ ಕಲೆ ಎಂದುಕೊಳ್ಳುತ್ತಾರೆ. ಆದರೆ ಸಾವಕಾರರದು ಜೈನರ ಮನೆ, ಅಲ್ಲಿ ಯಾರೂ ತಂಬಾಕು ಮುಟ್ಟಿದವರಲ್ಲ. ಅದು ಫೋಟೋ ತೊಳೆಯುವ ಡೆವಲಪರಿನ ಕಲೆ. ಫಿಲ್ಮ್ ರೋಲು, ಫೋಟೋ ಕಾಗದ, ತೊಳೆಯುವ ಔಷಧಿ ಮಾರುವ ಅವರ ಅಂಗಡಿಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸ್ಟುಡಿಯೋಗಳಿಂದ ದಿನಾಲು ಅಂಚೆ ಕಾರ್ಡು ಬರುತ್ತಿದ್ದವು. ಕನ್ನಡದ್ದಕ್ಕೆ ಕನ್ನಡದಲ್ಲಿ, ಮರಾಠಿಯದ್ದಕ್ಕೆ ಮರಾಠಿಯಲ್ಲಿ ಅಂದೇ ಉತ್ತರ ಬರೆಯುತ್ತಿದ್ದರು. ಕಾಗವಾಡದವರು ಮನೆಯ ಸುದ್ದಿಯನ್ನೆಲ್ಲ ಬರೆದು, ಎಷ್ಟು ರೋಲು ಬೇಕೆಂಬುದನ್ನೇ ಮರೆಯುತ್ತಿದ್ದರು. ಅವರಿಗೂ ಬೈಯದೆ ಎರಡು ಕಳಿಸುತ್ತಿದ್ದರು.

ನಾನು ಅಥಣಿಯಲ್ಲಿ ಹೊಸದಾಗಿ ಸ್ಟುಡಿಯೋ ತೆರೆದಿದ್ದೆ. ಹತ್ತಿರದ ಸತ್ತಿ ಎಂಬ ಹಳ್ಳಿಯಲ್ಲಿ ಒಬ್ಬ ಬಾಣಂತಿ ತೀರಿಕೊಂಡಳೆಂದು ಕರೆ ಬಂತು. ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂರಿಸಿ, ಮನೆಮಂದಿ ಸುತ್ತ ಕೂತು ಫೋಟೋ ತೆಗೆಸುವುದು ನಮ್ಮ ಕಡೆಯ ರೂಢಿ. ಗಂಡ ಹಸುಗೂಸನ್ನು ಎತ್ತಿಕೊಂಡು ಹೆಂಡತಿಯ ಪಕ್ಕ ಕೂತ. "ಆಕೀದು ಒಂದೂ ಫೋಟೋ ಇಲ್ರಿ. ನಾಳೆ ಈ ಕೂಸಿಗೆ ಈಕೀನ ನಿಮ್ಮವ್ವ ಅಂತ ತೋರಸಾಕ ಇದೊಂದ ಇರತೈತಿ," ಎಂದ.

ಕತ್ತಲೆಕೋಣೆಯಲ್ಲಿ ಬಾಟಲಿ ಅದಲುಬದಲಾಗಿ, ಡೆವಲಪರಿಗೆ ಹಾಕಬೇಕಾದ ರೋಲನ್ನು, ಮೂಡಿದ ಚಿತ್ರ ನಿಲ್ಲಿಸಲು ಕೊನೆಗೆ ಬಳಸುವ ಹೈಪೋಗೆ ಮೊದಲೇ ಹಾಕಿಬಿಟ್ಟೆ. ಹಾಗಾದರೆ ಚಿತ್ರವೆಲ್ಲ ತೊಳೆದುಹೋಗುತ್ತದೆ. ರೋಲು ಬರೀ ಗಾಜಿನಂತೆ ಹೊರಬಂತು. ರೋಲೇ ಕೆಟ್ಟಿತ್ತು ಎಂದು ಸತ್ತಿಯವರಿಗೆ ಹೇಳಿದೆ. ಸಾಲದ್ದಕ್ಕೆ, ಕೆಟ್ಟ ರೋಲು ಕಳಿಸಿದ್ದೀರೆಂದು ಸಾವಕಾರರಿಗೂ ಖಾರವಾಗಿ ಒಂದು ಕಾರ್ಡು ಗೀಚಿದೆ. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಸುದ್ದಿ ಎಲ್ಲ ಸ್ಟುಡಿಯೋಗಳಿಗೂ ಹಬ್ಬಿತು.

ಕಾರ್ಡು ಮುಟ್ಟಿದ ದಿನವೇ ಅವರು ಬಸ್ಸು ಹಿಡಿದು ಬಂದರು. ರೋಲನ್ನು ಬೆಳಕಿಗೆ ಹಿಡಿದರು. ಕೆಟ್ಟ ರೋಲಾದರೂ ತೊಳೆದಾಗ ಅಂಚಿನಲ್ಲಿ ಕಂಪನಿಯ ಅಂಕಿಗಳು ಮೂಡುತ್ತವೆ. ಇದರಲ್ಲಿ ಅವೂ ಇರಲಿಲ್ಲ, ಎಂದರೆ ತಪ್ಪು ತೊಳೆದವನದು. ಸಾವಕಾರರು ನನ್ನೊಡನೆ ಸತ್ತಿಗೆ ಬಂದು ಆ ಗಂಡನ ಮುಂದೆ ಕೈಮುಗಿದರು. "ರೋಲ್ ಕೆಟ್ಟಿತ್ತರಿ. ತಪ್ಪ ನಂದೈತಿ." ಆತ ಅವರ ಮುಖಕ್ಕೆ ಉಗಿದ. ನಾನು ಪಕ್ಕದಲ್ಲೇ ನಿಂತಿದ್ದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಅಂದರು: "ಹೈಪೋದ ಬಾಟ್ಲಿಗೆ ಒಂದ ದಾರಾ ಕಟ್ಟಿಡ್ರಿ. ಕತ್ತಲ್ಯಾಗ ಕೈಗೆ ತಿಳೀತೈತಿ." ಅಥಣಿಯಲ್ಲಿ ನಾನು ಇಳಿಯುವಾಗ, "ನಿಮ್ಮ ಅಂಗಡಿ ಹೊಸಾದು. ನಂದು ತಡಕೋತೈತಿ."

ತಡೆದುಕೊಳ್ಳಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಕಳೆದ ತಿಂಗಳು, ಅವರು ತೀರಿಕೊಂಡ ಸುದ್ದಿ ಕೇಳಿ ನಿಪ್ಪಾಣಿಗೆ ಹೋದಾಗ, ಅವರ ಹೆಂಡತಿ ತಂತಿಗೆ ಚುಚ್ಚಿಟ್ಟ ಹಳೆಯ ಕಾರ್ಡುಗಳನ್ನು ನನ್ನ ಮುಂದಿಟ್ಟರು. ನನ್ನ ಕಾರ್ಡಿನ ನಂತರ ಬಂದವುಗಳಲ್ಲೆಲ್ಲ ಒಂದೇ ಮಾತು: ಇನ್ನು ರೋಲು ಕಳಿಸಬೇಡಿ, ಕೊಲ್ಹಾಪುರದಿಂದ ತರಿಸುತ್ತೇವೆ. ರಾಯಬಾಗ, ಚಿಕ್ಕೋಡಿ. ಕಾಗವಾಡದ್ದೂ ಒಂದೇ ಸಾಲು, ಮನೆಯ ಸುದ್ದಿ ಇಲ್ಲ. ಆಮೇಲೆ ತಂತಿ ಖಾಲಿ. ನನ್ನ ಸ್ಟುಡಿಯೋ ಮಾತ್ರ ಅಷ್ಟು ವರ್ಷ ಚೆನ್ನಾಗಿ ನಡೆಯಿತು. ಹೇಡಿಯ ಬಾಳು ಬಾಳಿದೆ.

"ವೈನಿ, ಆ ರೋಲ್ ಕೆಟ್ಟಿದ್ದಿಲ್ರಿ," ಎಂದೆ.

"ಗೊತ್ತೈತ್ರಿ," ಎಂದರು ಆಕೆ. "ಅಥಣಿಯವ್ರು ಖರೇ ಹೇಳಿ ಒಂದ ಕಾರ್ಡ್ ಬರೀತಾರ ಅಂತಿದ್ರು. ಅಂಗಡಿ ಮುಚ್ಚಿದ ಮ್ಯಾಲೂ ಪೋಸ್ಟಮನ್ ಬಂದ್ರ ಎದ್ದ ಬಾಗಲಕ್ಕ ಹೋಗ್ತಿದ್ರು."