ವಿಳಾಸ ಗುಡಿಸುವ ಅಳಿಯ

ಗಂಡ ತೀರಿಹೋದ ಮೇಲೆ ಬೀಗ ರಿಪೇರಿ ಅಂಗಡಿ ನಡೆಸುತ್ತಿರುವ ಅತ್ತೆಗೆ ಒಬ್ಬ ಅಳಿಯ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವುದು ಅವನ ಕೆಲಸ. ಪುಟ ಹೇಗಾದರೂ ಇರಲಿ, ಪುಟದ ವಿಳಾಸ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗಿರಬೇಕು. ವಿಳಾಸದಲ್ಲೊಂದು ಪ್ರಶ್ನೆ ಚಿಹ್ನೆ ಕಂಡರೆ ಅನ್ನದಲ್ಲಿ ಕಲ್ಲು ಕಡಿದವನಂತೆ ಮುಖ ಕಿವುಚುತ್ತಾನೆ. ವಿಳಾಸದ ನಡುವಿನ ಓರೆಗೀಟಿಗೆ ಅವನು ಸ್ಲ್ಯಾಶ್ ಎನ್ನುತ್ತಾನೆ. ಮನೆಯಲ್ಲೂ ಅದೇ ಭಾಷೆ. ಹೆಂಡತಿ ಸಕ್ಕರೆ ಎಲ್ಲಿ ಎಂದರೆ, "ಅಡುಗೆಮನೆ ಸ್ಲ್ಯಾಶ್ ಕಪಾಟು ಸ್ಲ್ಯಾಶ್ ಸಕ್ಕರೆ" ಎಂದು ಕೂತಲ್ಲಿಂದಲೇ ಕೂಗುತ್ತಾನೆ. ಸಕ್ಕರೆಯ ಕೊನೆಯಲ್ಲೂ ಒಂದು ಸ್ಲ್ಯಾಶ್ ಬೇಕೋ ಬೇಡವೋ ಎಂದು ಯೋಚಿಸುತ್ತ ಚಹಾ ತಣ್ಣಗಾಗಲು ಬಿಡುತ್ತಾನೆ. "ಸ್ಲ್ಯಾಶ್ ಅಂತೆ ಸ್ಲ್ಯಾಶು! ಎದ್ದು ತಂದ್ಕೊಡಿ ಅಳಿಯಂದಿರೇ" ಎಂದು ಅತ್ತೆ ಗದರುತ್ತಾಳೆ. ಮೊನ್ನೆ ಅಂಗಡಿಯ ವೆಬ್‌ಸೈಟನ್ನು ಹೊಸದಾಗಿ ಕಟ್ಟಲು ಕೂತವನು ಹಳೆಯ ವಿಳಾಸ ನೋಡಿ ಹೌಹಾರಿದ. ಮಾವ ಇಂಗ್ಲಿಷಿನ ಒಂದು ಅಕ್ಷರ ನುಂಗಿ, ಬೀಗ ಎಂದು ಬರೆಯುವಲ್ಲಿ ಬೇಗ ಎಂದು ಬರೆದಿದ್ದರು. ಒಂದು ಬೀಗಕ್ಕೆ ಮೂರು ದಿನ ಹಿಡಿಯುತ್ತಿದ್ದ ಮನುಷ್ಯ! "ಬೇಗ ರಿಪೇರಿಯಂತೆ ಅತ್ತೆ!" ಎಂದು ಅಳಿಯ ನಕ್ಕ. ಅತ್ತೆಯೂ ನಕ್ಕಳು. ಆಮೇಲೆ, "ಆ ವಿಳಾಸದ ಚೀಟಿ ಅವ್ರೇ ಕೈಯಾರೆ ಬರೆದು ಊರಿಗೆಲ್ಲ ಹಂಚಿದಾರೆ. ನೀವು ಅಳಿಸಿಬಿಟ್ರೆ ಅದನ್ನ ನಂಬಿ ಬರೋರು ಎಲ್ಲಿಗೆ ಹೋಗ್ಬೇಕು?" ಎಂದಳು. ಅಳಿಯ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದ. ಯಾವ ವಿಳಾಸಕ್ಕೆ ಯಾವ ಪುಟ ಎಂಬ ಪಟ್ಟಿಯಲ್ಲಿ ಹೊಸದನ್ನು ಚೊಕ್ಕವಾಗಿ ಬರೆದ. ಅದರ ಕೆಳಗೆ, ಬೇಗ ಎಂದು ಟೈಪ್ ಮಾಡಿದವರೂ ಇದೇ ಪುಟಕ್ಕೆ ಬರುವಂತೆ ಇನ್ನೊಂದು ಸಾಲು ಸೇರಿಸಿದ. ಮುಂದೆ ಯಾರೂ ಅದನ್ನು ಕಸವೆಂದು ಗುಡಿಸಬಾರದಲ್ಲ, ಪಕ್ಕದಲ್ಲೇ ಟಿಪ್ಪಣಿ ಹಾಕಿದ: "ಇದು ತಪ್ಪಲ್ಲ. ನಮ್ಮ ಮಾವ."